ಅವಳ ಮಂಡೆ ಸಮ ಇದೆ, ಸದ್ದು ನಿಲ್ಲಿಸಿ

ನೆರೆಮನೆಯ ಸದ್ದು ತಡೆಯಲಾರದೆ ಹೆಂಗಸೊಬ್ಬಳ ಬುದ್ಧಿ ಕೆಡುವ ಕತೆಗಳನ್ನು ನಮ್ಮ ಬರಹಗಾರರು ಇನ್ನಾದರೂ ನಿಲ್ಲಿಸಬೇಕು. ಇದನ್ನು ವಿನಂತಿಯೆಂದು ಓದಬೇಡಿ, ತಕರಾರು ಎಂದೇ ಓದಿ. ಕನ್ನಡದವರೂ ಮಲಯಾಳದವರೂ ಒಟ್ಟಿಗೆ ಓದುವ ಈ ವಾರ್ಷಿಕಾಂಕದಲ್ಲಿ ಇದನ್ನು ಹೇಳುವುದಕ್ಕೆ ಕಾರಣವೂ ಇದೆ. ಎರಡೂ ಭಾಷೆಯವರು ಈ ಒಂದು ವಿಷಯದಲ್ಲಿ ಒಂದೇ ಕತೆಯನ್ನು ಬರೆಯುತ್ತಿದ್ದೇವೆ, ಒಂದೇ ಅನ್ಯಾಯವನ್ನು ಮಾಡುತ್ತಿದ್ದೇವೆ.

ಆ ಕತೆಯ ಪಾಕವಿಧಾನ ನಿಮಗೆಲ್ಲ ಗೊತ್ತು. ಹೊಸ ಊರು, ಬಾಡಿಗೆ ಮನೆ. ಗಂಡ ಬೆಳಿಗ್ಗೆ ಹೋದವನು ಕತ್ತಲಾದ ಮೇಲೆ ಬರುತ್ತಾನೆ. ಹಗಲೆಲ್ಲ ಹೆಂಗಸು ಒಬ್ಬಳೇ. ಗೋಡೆಯಾಚೆ ಏನೋ ಬಡಿಯುತ್ತದೆ, ಎಳೆಯುತ್ತದೆ, ಯಾರೋ ಅಳುತ್ತಾರೆ. ಗಂಡ ಬಂದು ಕಿವಿಗೊಟ್ಟರೆ ಏನೂ ಇಲ್ಲ. ನೆರೆಯವನು ಬಾಗಿಲು ತೆರೆದು ನಗುತ್ತಾನೆ. ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟುತ್ತದೆ, ಒಲೆಯ ಮೇಲೆ ಹಾಲು ಉಕ್ಕುತ್ತದೆ, ಮಗುವಿಗೆ ಹೊಡೆಯುತ್ತಾಳೆ. ಕೊನೆಯ ಪುಟದಲ್ಲಿ ಆ ನೆರೆಮನೆ ಹತ್ತು ವರ್ಷದಿಂದ ಖಾಲಿ ಬಿದ್ದಿತ್ತೆಂದು ತಿಳಿದುಬರುತ್ತದೆ. ಓದುಗ ಬೆಚ್ಚಿಬೀಳಬೇಕು. ಇದಕ್ಕೆ ಮನೋವೈಜ್ಞಾನಿಕ ಥ್ರಿಲ್ಲರ್ ಎಂದು ಹೆಸರು. ಮೊದಲು ವಾರಪತ್ರಿಕೆಗಳಲ್ಲಿತ್ತು, ಬಳಿಕ ಟಿ.ವಿ. ಧಾರಾವಾಹಿಗಳಿಗೆ ಬಂತು, ಈಗ ಕೈಯಲ್ಲಿ ಹಿಡಿದ ಮೊಬೈಲಿನಲ್ಲೂ ಅದೇ.

ಈ ಕತೆಗಳಲ್ಲಿ ಭಯ ಹುಟ್ಟುವುದು ಒಂದೇ ಒಂದು ಪ್ರಶ್ನೆಯಿಂದ: ಅವಳಿಗೆ ನಿಜವಾಗಿ ಕೇಳಿಸುತ್ತದೆಯೆ, ಅಥವಾ ಮಂಡೆ ಸಮ ಇಲ್ಲವೆ? ಈ ಪ್ರಶ್ನೆಯನ್ನು ಕತೆಗಾರ ಕೇಳುತ್ತಾನೆ, ಗಂಡ ಕೇಳುತ್ತಾನೆ, ಡಾಕ್ಟರು ಕೇಳುತ್ತಾರೆ, ಓದುವ ನಾವೂ ಕೇಳುತ್ತೇವೆ. ಸದ್ದು ಮಾಡುವವನ ಮಂಡೆ ಸಮ ಇದೆಯೆ ಎಂದು ಯಾರೂ ಕೇಳುವುದಿಲ್ಲ. ನನ್ನ ತಕರಾರಿನ ಮೂಲ ಇದು.

ಈ ಜಾತಿಯ ಕತೆಗಳಿಗೆಲ್ಲ ಅಜ್ಜಿಯಂತಿರುವ ಒಂದು ನಾಟಕವಿದೆ. ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ಬರೆದ 'ಗ್ಯಾಸ್ ಲೈಟ್'. 1940ರಲ್ಲಿ ಇಂಗ್ಲೆಂಡಿನಲ್ಲಿ ಒಮ್ಮೆ, 1944ರಲ್ಲಿ ಅಮೆರಿಕದಲ್ಲಿ ಮತ್ತೊಮ್ಮೆ ಸಿನಿಮಾ ಆಯಿತು. ಎರಡನೆಯದರಲ್ಲಿ ನಟಿಸಿದ ಇಂಗ್ರಿಡ್ ಬರ್ಗ್‌ಮನ್ ಅವರಿಗೆ ಆಸ್ಕರ್ ಬಂತು. ಲಂಡನ್ನಿನ ಮನೆ. ರಾತ್ರಿ ಗಂಡ ಹೊರಗೆ ಹೋದ ಮೇಲೆ ಮುಚ್ಚಿಟ್ಟ ಅಟ್ಟದಲ್ಲಿ ಹೆಜ್ಜೆಸದ್ದು ಕೇಳುತ್ತದೆ, ಕೋಣೆಯ ಗ್ಯಾಸ್ ದೀಪ ಸಣ್ಣಗಾಗುತ್ತದೆ. ಹೆಂಡತಿ ಹೇಳಿದರೆ ಗಂಡ ಅದು ನಿನ್ನ ಭ್ರಮೆ ಎನ್ನುತ್ತಾನೆ. ಅಸಲಿಗೆ ಅಟ್ಟದಲ್ಲಿ ನಡೆಯುತ್ತಿರುವವನು ಆ ಗಂಡನೇ. ಖಾಲಿ ಬಿದ್ದ ಇನ್ನೊಂದು ಮನೆಯ ಮೂಲಕ ಮಾಡಿಗೆ ಹತ್ತಿ ಅಟ್ಟಕ್ಕಿಳಿದು, ಕೊಲೆಯಾದ ಹೆಂಗಸೊಬ್ಬಳ ಒಡವೆ ಹುಡುಕುತ್ತಿರುತ್ತಾನೆ. ಮೇಲೆ ಅವನು ದೀಪ ಹಚ್ಚಿದಾಗ ಕೆಳಗಿನ ದೀಪಕ್ಕೆ ಗ್ಯಾಸ್ ಸಾಲದೆ ಹೋಗುತ್ತದೆ, ಅಷ್ಟೆ. ಮನೆಯ ಅಡುಗೆಯವಳಿಗೆ ಕಿವಿ ಮಂದ. ಅವಳನ್ನು ಸಾಕ್ಷಿ ಕರೆದರೆ ಅವಳಿಗೆ ಏನೂ ಕೇಳಿಲ್ಲ.

ಆ ಸಿನಿಮಾ ನೋಡಿದವರು ಒಂದು ಘಳಿಗೆಯನ್ನು ಮರೆಯಲಾರರು. ಪತ್ತೇದಾರ ಮನೆಯೊಳಗೆ ಬಂದು ಕೂತಿರುವಾಗ ದೀಪ ಸಣ್ಣಗಾಗುತ್ತದೆ. ಅವನು ತಲೆಯೆತ್ತುತ್ತಾನೆ. ಅವನಿಗೂ ಕಂಡಿದೆ. ಮೇಲಿನ ಸದ್ದು ಅವನಿಗೂ ಕೇಳಿದೆ. ಆ ಹೆಂಗಸಿನ ಮುಖದ ಮೇಲೆ ಆಗ ಬರುವ ಬೆಳಕನ್ನು ನೋಡಿ. ಅವಳಿಗೆ ಯಾರೂ ಮದ್ದು ಕೊಟ್ಟಿಲ್ಲ, ಮಂತ್ರ ಹಾಕಿಲ್ಲ. ನನಗೂ ಕೇಳುತ್ತದೆ ಎಂದು ಇನ್ನೊಬ್ಬರು ಹೇಳಿದ್ದು ಮಾತ್ರ. 2022ರಲ್ಲಿ ಅಮೆರಿಕದ ಒಂದು ದೊಡ್ಡ ನಿಘಂಟಿನವರು ಆ ನಾಟಕದ ಹೆಸರಿನಿಂದ ಹುಟ್ಟಿದ 'ಗ್ಯಾಸ್‌ಲೈಟಿಂಗ್' ಎಂಬುದನ್ನು ವರ್ಷದ ಶಬ್ದವೆಂದು ಆರಿಸಿದರು. ಶಬ್ದ ನಮ್ಮ ಪತ್ರಿಕೆಗಳಿಗೂ ಬಂದಿದೆ. ಆದರೆ ನಾಟಕದ ಪಾಠ ಬರಲಿಲ್ಲ. ಅಲ್ಲಿ ಹೆಂಗಸು ಸರಿ, ಸದ್ದು ನಿಜ, ತಪ್ಪಿತಸ್ಥ ಮನೆಯೊಳಗೇ ಇದ್ದ. ನಮ್ಮ ನಕಲು ಕತೆಗಳು ಹೆದರಿಕೆಯನ್ನು ಇಟ್ಟುಕೊಂಡು ತಪ್ಪಿತಸ್ಥನನ್ನು ಬಿಟ್ಟುಬಿಟ್ಟವು.

ಇರಾ ಲೆವಿನ್ 1967ರಲ್ಲಿ ಬರೆದ, ಮರುವರ್ಷ ರೋಮನ್ ಪೊಲಾನ್ಸ್ಕಿ ಸಿನಿಮಾ ಮಾಡಿದ 'ರೋಸ್‌ಮೇರೀಸ್ ಬೇಬಿ'ಯೂ ಹಾಗೆಯೇ. ಮಲಗುವ ಕೋಣೆಯ ತೆಳು ಗೋಡೆಯಾಚೆಯಿಂದ ನೆರೆಯ ಮುದುಕ ಮುದುಕಿಯ ಮನೆಯ ಮಂತ್ರದ ಗುನುಗು ಬರುತ್ತದೆ. ಬಸುರಿ ಹೆಂಗಸು ಕೊನೆಗೆ ಬೇರೊಬ್ಬ ಡಾಕ್ಟರನ ಬಳಿಗೆ ಓಡಿಹೋಗಿ ಎಲ್ಲ ಹೇಳುತ್ತಾಳೆ. ಅವನು ಸಮಾಧಾನದಿಂದ ಕೇಳಿಸಿಕೊಂಡು, ಮಲಗಿಸಿ, ಗಂಡನನ್ನೇ ಕರೆಸುತ್ತಾನೆ. ಅದರಲ್ಲಿ ಸೈತಾನನ ಕತೆಯನ್ನು ಬೇಕಾದರೆ ನಂಬಬೇಡಿ. ಆ ಡಾಕ್ಟರನನ್ನು ನಂಬದೆ ಇರಲು ಸಾಧ್ಯವಿಲ್ಲ, ಅವನು ಎಲ್ಲ ಊರಿನಲ್ಲೂ ಇದ್ದಾನೆ.

ಇಷ್ಟು ಹೇಳುವಾಗ ಮಲಯಾಳದ ಓದುಗರು 'ಮಣಿಚ್ಚಿತ್ರತ್ತಾಳ್' ಎಂದು ಎದ್ದುನಿಲ್ಲುತ್ತಾರೆ, ಗೊತ್ತಿದೆ. ಫಾಸಿಲ್ ಅವರ 1993ರ ಸಿನಿಮಾ, ಮಧು ಮುಟ್ಟಂ ಬರೆದದ್ದು, ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು. ಕನ್ನಡದಲ್ಲಿ 2004ರಲ್ಲಿ 'ಆಪ್ತಮಿತ್ರ' ಆಗಿ ಬಂದಾಗ ನಮ್ಮವರೂ ಮುಗಿಬಿದ್ದು ನೋಡಿದರು. ಅಲ್ಲಿ ರಾತ್ರಿಯ ಗೆಜ್ಜೆಸದ್ದಿಗೆ ಕಾರಣ ಮನೆಯ ಸೊಸೆಯ ಕಾಯಿಲೆಯೇ. ಹಾಗಾದರೆ ಅದು ಸುಳ್ಳೆ? ಸುಳ್ಳಲ್ಲ. ಮನಸ್ಸಿನ ಕಾಯಿಲೆ ಇದೆ, ಅದಕ್ಕೆ ಚಿಕಿತ್ಸೆ ಇದೆ, ಹೋಗಲೇಬೇಕು. ಅದನ್ನು ಅಲ್ಲಗಳೆಯುವವಳು ನಾನಲ್ಲ. ಆದರೆ ಆ ಸಿನಿಮಾದಲ್ಲಿ ಇನ್ನೊಬ್ಬ ಹೆಂಗಸಿದ್ದಾಳೆ. ಶ್ರೀದೇವಿ. ನಮ್ಮ ಉಡುಪಿಯ ವಿನಯಾ ಪ್ರಸಾದ್ ಮಾಡಿದ ಪಾತ್ರ. ಕುಜದೋಷದಿಂದ ಮದುವೆ ಮುರಿದು ತವರಿನಲ್ಲಿರುವವಳು. ಮನೆಯಲ್ಲಿ ಏನಾದರೂ ಆದಾಗ ಅನುಮಾನ ಹೋಗುವುದು ಅವಳ ಮೇಲೆ. ಹುಚ್ಚು ಅವಳಿಗೇ ಎಂದು ಡಾಕ್ಟರು ಹೇಳಿದಾಗ ಮನೆಮಂದಿ ನಂಬಿಬಿಡುತ್ತಾರೆ, ಅವಳನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ. ನಂಬುವುದಕ್ಕೆ ಒಂದು ಸಾಕ್ಷಿಯೂ ಬೇಕಾಗುವುದಿಲ್ಲ. ಗಂಡನಿಲ್ಲದ ಹೆಂಗಸಿನ ಮೇಲೆ ಹುಚ್ಚಿನ ಹಣೆಪಟ್ಟಿ ಎಷ್ಟು ಸಲೀಸಾಗಿ ಅಂಟುತ್ತದೆ ಎಂಬುದನ್ನು ಆ ಸಿನಿಮಾ ತೋರಿಸಿದೆ. ನಾವೆಲ್ಲ ಗಂಗೆಯ ಕುಣಿತ ನೋಡುತ್ತಾ ಶ್ರೀದೇವಿಯನ್ನು ಕೋಣೆಯಲ್ಲೇ ಬಿಟ್ಟು ಬಂದೆವು.

ಕನ್ನಡದಲ್ಲಿ ಈ ಹಣೆಪಟ್ಟಿಯ ಕತೆಯನ್ನು ಬಹಳ ಹಿಂದೆಯೇ ಬರೆದವರು ತ್ರಿವೇಣಿ. 'ಶರಪಂಜರ'ದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಅವಳನ್ನು ಮತ್ತೆ ಕೆಡಿಸುವುದು ಗಂಡನ ನಡತೆ, ಮನೆಯವರ ನೋಟ, ನೆರೆಕರೆಯ ಪಿಸುಮಾತು. ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದಾಗ ಕಲ್ಪನಾ ಮಾಡಿದ ಆ ಪಾತ್ರವನ್ನು ನೋಡಿ ನಮ್ಮ ತಾಯಂದಿರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕಣ್ಣೊರೆಸಿಕೊಂಡು ಮನೆಗೆ ಬಂದು, ಹಿತ್ತಿಲಾಚೆಯ ಹೆಂಗಸಿನ ಬಗ್ಗೆ ಅದೇ ಪಿಸುಮಾತು ಆಡಿದರು.

ಇನ್ನು ಸದ್ದಿನ ವಿಷಯ. ಕಣ್ಣಿಗೆ ರೆಪ್ಪೆ ಇದೆ, ಕಿವಿಗಿಲ್ಲ. ನಿದ್ರೆಯಲ್ಲೂ ಕಿವಿ ಕೆಲಸ ಮಾಡುತ್ತಿರುತ್ತದೆ. ಮಲಗಿದವರು ಏಳದೆ ಇದ್ದರೂ ಎದೆಬಡಿತ ಏರುತ್ತದೆ, ನಿದ್ರೆಯ ಆಳ ಕಡಿಮೆಯಾಗುತ್ತದೆ. ವರ್ಷಗಟ್ಟಲೆ ಹೀಗಾದರೆ ರಕ್ತದೊತ್ತಡ, ಹೃದಯದ ಕಾಯಿಲೆ. ರಾತ್ರಿ ಮನೆಯ ಹೊರಗಿನ ಸದ್ದು 40 ಡೆಸಿಬೆಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಶಾಖೆ 2009ರಲ್ಲಿ ಹೇಳಿತು. ಡೆಸಿಬೆಲ್ ಲೆಕ್ಕವೂ ನಾವು ಅಂಗಡಿಯಲ್ಲಿ ತೂಗುವ ಹಾಗಲ್ಲ. ಹತ್ತು ಹೆಚ್ಚಿದರೆ ಶಬ್ದದ ಶಕ್ತಿ ಹತ್ತು ಪಟ್ಟು, ಕಿವಿಗೆ ಸುಮಾರು ಎರಡು ಪಟ್ಟು. ಕೀರಲು ಸದ್ದನ್ನು ಗೋಡೆ ಸ್ವಲ್ಪ ತಡೆಯುತ್ತದೆ. ದಪ್ಪ ಸದ್ದು, ಡಬ್ ಡಬ್ ಎನ್ನುವುದು, ಗೋಡೆಯನ್ನು ದಾಟಿ ಮಂಚಕ್ಕೆ ಬರುತ್ತದೆ. ಆದ್ದರಿಂದಲೇ ಆ ಬದಿಯ ಕೋಣೆಯಲ್ಲಿ ಮಲಗಿದವರಿಗೆ ಕೇಳುವುದು ಚಾವಡಿಯಲ್ಲಿ ಕೂತವರಿಗೆ ಕೇಳಿಸದೆ ಹೋಗಬಹುದು. ಇದರಲ್ಲಿ ಭೂತವೂ ಇಲ್ಲ, ಭ್ರಮೆಯೂ ಇಲ್ಲ.

ಗ್ಲಾಸ್ ಮತ್ತು ಸಿಂಗರ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ತಮ್ಮ ಪ್ರಯೋಗಗಳನ್ನು 1972ರಲ್ಲಿ ಪುಸ್ತಕವಾಗಿ ತಂದರು. ಎರಡು ಗುಂಪಿಗೆ ಒಂದೇ ಕರ್ಕಶ ಸದ್ದು ಕೇಳಿಸಿದರು. ಒಂದು ಗುಂಪಿಗೆ, ತೀರಾ ತಡೆಯಲಾಗದಿದ್ದರೆ ಈ ಗುಂಡಿ ಒತ್ತಿ, ಸದ್ದು ನಿಲ್ಲುತ್ತದೆ, ಆದರೆ ಒತ್ತದಿದ್ದರೆ ಒಳ್ಳೆಯದು ಎಂದರು. ಹೆಚ್ಚಿನವರು ಒತ್ತಲಿಲ್ಲ. ಆಮೇಲೆ ಕೊಟ್ಟ ಕೆಲಸವನ್ನು ಅವರು ತಾಳ್ಮೆಯಿಂದ ಮಾಡಿದರು. ಗುಂಡಿ ಇಲ್ಲದವರು ಬೇಗ ಕೈಬಿಟ್ಟರು, ಹೆಚ್ಚು ತಪ್ಪು ಮಾಡಿದರು. ಸದ್ದು ಒಂದೇ ಆಗಿತ್ತು. ನಿಲ್ಲಿಸುವ ಅಧಿಕಾರ ತನಗಿದೆ ಎಂಬ ಭರವಸೆ ಇದ್ದದ್ದು, ಇಲ್ಲದ್ದು, ಇಷ್ಟೇ ವ್ಯತ್ಯಾಸ. ಜೋರಾಯಿತಾ ಅಕ್ಕಾ, ಆದರೆ ಹೇಳಿ ಎನ್ನುವ ನೆರೆಯವನ ಸದ್ದನ್ನು ನಾವು ಸಹಿಸುತ್ತೇವೆ. ನಿಮಗೆ ಎಂತ, ಮನೆಯಲ್ಲಿ ಬೇರೆ ಕೆಲಸ ಇಲ್ಲವಾ ಎನ್ನುವವನ ಅರ್ಧ ಸದ್ದು ತಲೆ ಕೆಡಿಸುತ್ತದೆ. ಮನೋವೈಜ್ಞಾನಿಕ ಕತೆ ಬರೆಯಬೇಕಿದ್ದರೆ ಮನಶ್ಶಾಸ್ತ್ರ ಇಲ್ಲಿದೆ, ಬರೆಯಿರಿ.

ನಮ್ಮ ಮನೆಯ ಸಂಗತಿಯನ್ನೂ ಹೇಳುತ್ತೇನೆ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ನಮ್ಮಲ್ಲಿಗೆ ಬಂದರು. ಗಡಿಕಟ್ಟದ ಪಕ್ಕದ ಕೋಣೆ ಅವರದ್ದು. ಗಡಿಯಾಚೆಯ ಮನೆಯವರು ಹಿತ್ತಿಲಲ್ಲಿ ಶೀಟು ಹಾಕಿ ವೆಲ್ಡಿಂಗ್ ಶೆಡ್ಡು ಮಾಡಿದರು. ಹಗಲು ಸಹಿಸಬಹುದು, ಹೊಟ್ಟೆಪಾಡು, ನಾವೂ ಬಲ್ಲೆವು. ರಾತ್ರಿ ಹತ್ತು, ಹನ್ನೊಂದು, ಒಮ್ಮೊಮ್ಮೆ ಒಂದು ಗಂಟೆಗೂ ಗ್ರೈಂಡರು ಕಬ್ಬಿಣ ಕೊಯ್ಯುತ್ತಿತ್ತು. ಗ್ರೈಂಡರು ಹಿಡಿದವನ ಕಿವಿಗೆ ಅದು ತೊಂಬತ್ತು ಡೆಸಿಬೆಲಿಗೂ ಮೇಲೆ. ಅತ್ತಿಗೆ ಮೊದಲು ಬೇಲಿಯ ಹತ್ತಿರ ನಿಂತು ಮೆಲ್ಲಗೆ ಹೇಳಿದರು. ಆಮೇಲೆ ಜೋರಾಗಿ ಹೇಳಿದರು. ವಾರ್ಡು ಮೆಂಬರು ಬಂದು ನೋಡಿದ ಎರಡು ರಾತ್ರಿಯೂ ಶೆಡ್ಡು ಕತ್ತಲು, ನಾಯಿ ಬೊಗಳುವ ಸದ್ದೂ ಇಲ್ಲ. ಮೂರನೆಯ ರಾತ್ರಿ ಶುರು. ನನಗೂ ಕೇಳುತ್ತದೆ ಎಂದು ನಾನು ಹೇಳಿದೆ. ಆಗ ನೆಂಟರ ಬಾಯಲ್ಲಿ ಬಂದ ಮಾತು: ಒಬ್ಬರದ್ದು ಇನ್ನೊಬ್ಬರಿಗೂ ಹತ್ತಿದೆ.

ಪೇಟೆಯ ಡಾಕ್ಟರೊಬ್ಬರಲ್ಲಿಗೆ ಕರೆದುಕೊಂಡು ಹೋದರು. ನಿದ್ರೆ ಹೇಗೆ, ಹಸಿವೆ ಹೇಗೆ, ಮುಟ್ಟು ನಿಂತು ಎಷ್ಟು ವರ್ಷ, ಯಜಮಾನರು ಹೋದದ್ದು ಯಾವಾಗ, ಎಲ್ಲ ಕೇಳಿದರು. ಯಾವ ಸದ್ದು, ಎಷ್ಟು ಹೊತ್ತಿಗೆ, ಎಲ್ಲಿಂದ ಎಂದು ಕೇಳಲಿಲ್ಲ. ನಿದ್ರೆಮಾತ್ರೆ ಬರೆದರು. ಅತ್ತಿಗೆ ಮಾತ್ರೆ ನುಂಗಿ ಹಗಲೆಲ್ಲ ತೂಕಡಿಸಿದರು, ರಾತ್ರಿ ಗ್ರೈಂಡರು ಅವರನ್ನು ಮಾತ್ರೆಯ ಮೇಲಿಂದಲೇ ಎಬ್ಬಿಸಿತು.

ಸಂಗತಿ ತಿರುಗಿದ್ದು ಕುಟುಂಬಶ್ರೀಯ ಹೆಂಗಸರಿಂದ. 1998ರಲ್ಲಿ ಕೇರಳ ಸರಕಾರ ಆರಂಭಿಸಿದ ಈ ಯೋಜನೆಯ ತಳದ ಘಟಕಕ್ಕೆ ಮಲಯಾಳದಲ್ಲಿ ಅಯಲ್‌ಕೂಟ್ಟಂ ಎನ್ನುತ್ತಾರೆ. ನೆರೆಕೂಟ ಎಂದರೆ ನಮಗೆ ಅರ್ಥವಾಗುತ್ತದೆ. ಹತ್ತರಿಂದ ಇಪ್ಪತ್ತು ಮಂದಿ ಆಸುಪಾಸಿನ ಹೆಂಗಸರು. ನಮ್ಮದರಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ ಎಲ್ಲ ಮಾತೂ ಇದೆ. ನಮ್ಮ ಮನೆಯಲ್ಲಿ ಕೂಟ ಸೇರಿದ ದಿನ ಲೆಕ್ಕ ಮುಗಿಯುವಾಗ ರಾತ್ರಿ ಒಂಬತ್ತೂವರೆ ದಾಟಿತ್ತು. ಚಾ ಕುಡಿಯುತ್ತಿರುವಾಗ ಗ್ರೈಂಡರು ಶುರುವಾಯಿತು. ಬಾಗಿಲಿನ ಹತ್ತಿರ ಕೂತಿದ್ದ ಒಬ್ಬಾಕೆ ಕಪ್ಪು ಕೆಳಗಿಟ್ಟು, "ಇದಾ ಅಕ್ಕಾ? ದಿನಾ ಇದಾ? ನೀವು ಹೇಗೆ ಮಲಗುವುದು?" ಎಂದು ಕೇಳಿದಳು. ಅತ್ತಿಗೆ ಆ ರಾತ್ರಿ ಮಾತ್ರೆ ತೆಗೆದುಕೊಳ್ಳಲಿಲ್ಲ. ಹದಿಮೂರು ಮಂದಿಯ ರುಜು ಹಾಕಿ ಎರಡು ಭಾಷೆಯಲ್ಲಿ ಅರ್ಜಿ ಹೋಯಿತು. ಈಗ ಶೆಡ್ಡು ರಾತ್ರಿ ಎಂಟಕ್ಕೆ ಮುಚ್ಚುತ್ತದೆ. ನೆರೆಯವರು ಮಾತು ಬಿಟ್ಟಿದ್ದಾರೆ. ಇರಲಿ, ಮೊದಲು ಆಡುತ್ತಿದ್ದ ಮಾತಿಗಿಂತ ಇದು ವಾಸಿ.

ಆದರೆ ಆ ಅರ್ಜಿ ಹೋಗುವುದಕ್ಕೆ ಮೊದಲು ನಮ್ಮವರೇ ತಡೆದ ರೀತಿಯನ್ನು ನಾನು ಬರೆಯದೆ ಬಿಡಲಾರೆ, ಯಾಕೆಂದರೆ ಇದನ್ನು ಓದುವ ಕನ್ನಡ ಕುಟುಂಬಗಳಿಗೆಲ್ಲ ಅದು ಗೊತ್ತಿರುವ ರೀತಿಯೇ. ನಾವು ಇಲ್ಲಿ ಕಡಿಮೆ ಜನ. ದೂರು ಕೊಟ್ಟರೆ ಭಾಷೆಯ ಜಗಳ ಎಂದಾರು, ಇಲ್ಲದಿದ್ದರೆ ಜಾತಿಯ, ಮತದ ಜಗಳ ಎಂದಾರು. ಮಕ್ಕಳಿಗೆ ಸರ್ಟಿಫಿಕೇಟಿಗೆ ನಾಳೆ ಅದೇ ಆಫೀಸಿಗೆ ಹೋಗಬೇಕು. ಸುಮ್ಮನಿರಿ. ಭಾಷೆಗಾಗಿ ಬೀದಿಗಿಳಿದು ಘೋಷಣೆ ಕೂಗುವ ನಮ್ಮ ಗಂಡಸರೇ ಮನೆಯ ಹೆಂಗಸು ನಿದ್ರೆಗಾಗಿ ಒಂದು ಅರ್ಜಿ ಬರೆಯುತ್ತೇನೆಂದರೆ ಅಲ್ಪಸಂಖ್ಯಾತರ ವಿವೇಕವನ್ನು ಉಪದೇಶಿಸುತ್ತಾರೆ. ಆ ವಿವೇಕದ ಬೆಲೆ ಕಟ್ಟುವವಳು ಗೋಡೆಬದಿಯ ಕೋಣೆಯಲ್ಲಿ ಮಲಗುವವಳು. ದೂರನ್ನು ಭಾಷೆಯ ಜಗಳವೆಂದು ಹೆದರುವುದಕ್ಕಿಂತ ಹುಚ್ಚೆಂದು ಹೇಳುವುದು ಎಲ್ಲರಿಗೂ ಸುಲಭ. ಹುಚ್ಚಾದರೆ ಯಾರ ವಿರುದ್ಧವೂ ಅಲ್ಲವಷ್ಟೆ!

ಇದೇ ಜಿಲ್ಲೆಯಲ್ಲಿ ನೆರೆಯ ತೋಟದ ಎಂಡೋಸಲ್ಫಾನ್ ಸಿಂಪಡಣೆಯ ವಿರುದ್ಧ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ತಡೆ ತಂದವರು ಪೆರಿಯದ ಲೀಲಾಕುಮಾರಿ ಅಮ್ಮ, ಕೃಷಿ ಇಲಾಖೆಯ ಉದ್ಯೋಗಿ. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ನಿಲ್ಲಿಸಿದ್ದು 2011ರಲ್ಲಿ. ನೆರೆಯಿಂದ ಬರುವ ಹಿಂಸೆಯನ್ನು ಮನೆಯಲ್ಲಿ ಇರುವವರು ಮೊದಲು ತಿಳಿಯುತ್ತಾರೆ. ಮನೆಯಲ್ಲಿ ಇರುವವರು ಯಾರು?

ಕಾನೂನು ಇಲ್ಲವೆಂದು ಹೇಳುವ ಹಾಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿಯೆಂದರೆ ಹತ್ತರಿಂದ ಬೆಳಿಗ್ಗೆ ಆರು. ಖಾಸಗಿ ಜಾಗದ ಧ್ವನಿವರ್ಧಕದ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಯನ್ನು ಐದು ಡೆಸಿಬೆಲಿಗಿಂತ ಹೆಚ್ಚು ಮೀರಬಾರದು. ಕೇಳಲು ಒಪ್ಪದವರ ಕಿವಿಗೆ ಧ್ವನಿವರ್ಧಕ ತುರುಕುವುದು ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಕೇರಳ ಹೈಕೋರ್ಟು ತೊಂಬತ್ತರ ದಶಕದ ಆರಂಭದಲ್ಲೇ ಹೇಳಿದೆ. ಇದು ದೇವಸ್ಥಾನ, ಮಸೀದಿ, ಇಗರ್ಜಿ ಎಲ್ಲದರ ಮೈಕಿಗೂ ಅನ್ವಯ. ನಮ್ಮ ಯಕ್ಷಗಾನದ ಮೈಕಿಗೂ, ಹೇಳಿಬಿಡುತ್ತೇನೆ.

2005ರ ಜುಲೈ 18ರಂದು ಸುಪ್ರೀಂ ಕೋರ್ಟು ಕೊಟ್ಟ ದೊಡ್ಡ ತೀರ್ಪಿನ ಮೂಲವನ್ನು ನಮ್ಮ ಥ್ರಿಲ್ಲರ್ ಬರೆಯುವವರು ಓದಬೇಕು. ಹದಿಮೂರು ವರ್ಷದ ಹುಡುಗಿಯ ಮೇಲೆ ಅತ್ಯಾಚಾರವಾಯಿತು. ಅವಳು ಕೂಗಿಕೊಂಡಳು. ನೆರೆಯಲ್ಲಿ ಹಚ್ಚಿದ್ದ ಧ್ವನಿವರ್ಧಕದ ಸಂಗೀತದಲ್ಲಿ ಆ ಕೂಗು ಯಾರಿಗೂ ಕೇಳಲಿಲ್ಲ. ಅದೇ ಸಂಜೆ ಹುಡುಗಿ ಬೆಂಕಿ ಹಚ್ಚಿಕೊಂಡು ಸತ್ತಳು. 1998ರ ಜನವರಿಯ ಪತ್ರಿಕೆಗಳಲ್ಲಿ ಬಂದ ಈ ಸುದ್ದಿಯೇ ಆ ಮೊಕದ್ದಮೆಗೆ ಕಾರಣ. ನೆರೆಯ ಸದ್ದು ಹೆಂಗಸಿನ ಮಾತನ್ನು ಮುಚ್ಚಿಹಾಕುವುದೆಂದರೆ ಹೀಗೆ. ಇದಕ್ಕಿಂತ ಭಯಾನಕವಾದ ಕೊನೆಯ ಪುಟವನ್ನು ಯಾವ ಕತೆಗಾರ ಕಲ್ಪಿಸಿಯಾನು? ಇಲ್ಲಿ ಸದ್ದು ಭ್ರಮೆಯಾಗಿರಲಿಲ್ಲ.

ಅರ್ಜಿ ಬರೆಯುವವರಿಗೆ ನಾಲ್ಕು ಮಾತು. ಕನ್ನಡದಲ್ಲೇ ಬರೆಯಬಹುದು, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕುಂದುಕೊರತೆಯ ಮನವಿ ಕೊಡಲು ಸಂವಿಧಾನದ 350ನೆಯ ವಿಧಿ ಅವಕಾಶ ಕೊಟ್ಟಿದೆ. ಮಲಯಾಳದಲ್ಲೂ ಒಂದು ಪ್ರತಿ ಇಟ್ಟರೆ ಕೆಲಸ ಬೇಗ ಆಗುತ್ತದೆ, ಅದರಲ್ಲಿ ನಮ್ಮ ಮಾನವೇನೂ ಹೋಗುವುದಿಲ್ಲ. ನಿಯಮದ ಪ್ರಕಾರ ಕ್ರಮ ಕೈಗೊಳ್ಳಬೇಕಾದವರು ಜಿಲ್ಲಾಧಿಕಾರಿ, ಇಲ್ಲವೇ ಡಿವೈಎಸ್ಪಿ ದರ್ಜೆಗೆ ಕಡಿಮೆಯಿಲ್ಲದ, ಅದಕ್ಕೆಂದೇ ನೇಮಿಸಿದ ಅಧಿಕಾರಿ. ಸಾರ್ವಜನಿಕ ಉಪದ್ರವಕ್ಕೆ ಹಳೆಯ ದಂಡಸಂಹಿತೆಯಲ್ಲಿ ಇನ್ನೂರು ರೂಪಾಯಿ ಇದ್ದ ದಂಡ 2024ರ ಜುಲೈಯಿಂದ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ ಸಾವಿರದವರೆಗೆ ಹೋಗಿದೆ; ದೊಡ್ಡ ಮೊತ್ತವಲ್ಲ, ಆದರೆ ಬಾಗಿಲಿಗೆ ಪೊಲೀಸು ಬಂದದ್ದನ್ನು ನೆರೆಕರೆ ಲೆಕ್ಕ ಹಾಕುತ್ತದೆ. ಒಬ್ಬರ ರುಜು ಬೇಡ, ಹತ್ತು ಮಂದಿಯದ್ದು ಹಾಕಿಸಿ. ದಿನ, ಹೊತ್ತು, ಎಷ್ಟು ನಿಮಿಷ, ಯಾವ ಬಗೆಯ ಸದ್ದು, ಬರೆದಿಡಿ.

ಅತ್ತಿಗೆ ಹಾಗೆ ಬರೆದಿಟ್ಟಿದ್ದರು. ಹಳೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿ, ಹನ್ನೊಂದು ತಿಂಗಳು, ಒಂದು ರಾತ್ರಿಯೂ ಬಿಡದೆ. ಗ್ರೈಂಡರು ಎರಡು ನಿಮಿಷ ನಿಂತು ಮತ್ತೆ ಶುರುವಾದದ್ದೂ ಅದರಲ್ಲಿದೆ. ಮುಂದಿನ ವರ್ಷದ ಸಂಚಿಕೆಗೆ ನೆರೆಮನೆಯ ಸದ್ದಿನ ಕತೆ ಬರೆಯುವ ಯೋಚನೆ ಯಾರಿಗಾದರೂ ಇದ್ದರೆ ಬಂದು ಆ ಪುಸ್ತಕ ನೋಡಬಹುದು, ಕೊಡುತ್ತಾರೆ. ಅಕ್ಷರ ಸಣ್ಣದು, ಕನ್ನಡಕ ತನ್ನಿ.